ಎಕ್ಸ್‌ರೇಯಲ್ಲಿ ಅಡಗಿ ಕೂರುವ ಗಾಯಗಳು: ಗಡಿನಾಡಿನ ಕ್ಯಾಶುಯಲ್ಟಿಗೊಂದು ಸಮಗ್ರ ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಹೊಸದುರ್ಗದವರೆಗಿನ ಸಣ್ಣ ಆಸ್ಪತ್ರೆಗಳಲ್ಲಿ ರಾತ್ರಿ ಡ್ಯೂಟಿಗೆ ನಿಲ್ಲುವ ಎಳೆಯ ಡಾಕ್ಟರ ಪಕ್ಕದಲ್ಲಿ ಎಕ್ಸ್‌ರೇ ಓದಿಕೊಡಲು ರೇಡಿಯಾಲಜಿಸ್ಟ್ ಇರುವುದು ಅಪರೂಪ. ಫಿಲ್ಮ್ ಬರುತ್ತದೆ, ರೋಗಿಯ ಜೊತೆಗೆ ಬಂದ ನಾಲ್ಕು ಮಂದಿ "ಮುರಿದಿದೆಯಾ ಡಾಕ್ಟ್ರೇ?" ಎಂದು ಕೇಳುತ್ತಾರೆ, ನಿಂತ ನಿಲುವಿನಲ್ಲೇ ಉತ್ತರ ಕೊಡಬೇಕು. ಎರಡು ತುಂಡಾದ ಎಲುಬು ಆ ನಾಲ್ಕು ಮಂದಿಗೂ ಕಾಣುತ್ತದೆ. ಇಲ್ಲಿ ಬರೆಯುತ್ತಿರುವುದು ಕೂದಲೆಳೆಯಷ್ಟು ಗೆರೆಯಾಗಿ, ಕೊಂಚ ಬದಲಾದ ಕೋನವಾಗಿ, ಮಾಯವಾದ ಒಂದು ಅಂಚಾಗಿ ಮಾತ್ರ ಇರುವ ಗಾಯಗಳ ಬಗ್ಗೆ. ಜೊತೆಗೆ, ಇಲ್ಲದ ಕಾಯಿಲೆಯನ್ನು ಇದೆಯೆಂದು ತೋರಿಸುವ ನೆರಳುಗಳ ಬಗ್ಗೆ.

ಕ್ಯಾಶುಯಲ್ಟಿಯಲ್ಲಿ ವರ್ಷಗಟ್ಟಲೆ ಫಿಲ್ಮ್ ನೋಡಿದ ಮೇಲೆ ನನಗೆ ಗಟ್ಟಿಯಾಗಿರುವ ಅಭಿಪ್ರಾಯ ಒಂದೇ. ಫಿಲ್ಮ್‌ನಲ್ಲಿ ಎಲ್ಲಿ ನೋಡಬೇಕು ಎಂಬುದನ್ನು ಫಿಲ್ಮ್ ಹೇಳುವುದಿಲ್ಲ, ಬಿದ್ದ ರೀತಿ ಹೇಳುತ್ತದೆ. ಮರದಿಂದ ಬಿದ್ದನೋ, ಬೈಕಿನಿಂದಲೋ, ಕರೆಂಟು ಹೊಡೆಯಿತೋ, ಅಂಗಳದಲ್ಲಿ ಜಾರಿದಳೋ ಎಂದು ಕೇಳದೆ ಲೈಟ್‌ಬಾಕ್ಸಿನ ಎದುರು ನಿಂತವರಿಗೆ ಒಳ್ಳೆಯ ಕಣ್ಣಿದ್ದರೂ ಉಪಯೋಗ ಕಡಿಮೆ.

ಹಂತ 1: ಫಿಲ್ಮ್‌ಗೆ ಮೊದಲು ಮಾತು, ಆಮೇಲೆ ಬೆರಳು

ಚೀಟಿಯಲ್ಲಿ "ಕಾಲು ನೋವು, ಎಕ್ಸ್‌ರೇ" ಎಂದು ಬರೆದರೆ ಸೊಂಟದಿಂದ ಕಿರುಬೆರಳಿನವರೆಗೆ ಯಾವುದನ್ನು ತೆಗೆಯಬೇಕೆಂದು ರೇಡಿಯೋಗ್ರಾಫರ್‌ಗೆ ತಿಳಿಯುವುದು ಹೇಗೆ? ನಮ್ಮಲ್ಲಿ ಒಬ್ಬರು ಕನ್ನಡದಲ್ಲಿ, ಒಬ್ಬರು ತುಳುವಿನಲ್ಲಿ, ಮತ್ತೊಬ್ಬರು ಮಲಯಾಳದಲ್ಲಿ, ಉಪ್ಪಳದ ಕಡೆಯಿಂದ ಬಂದವರು ಕೆಲವೊಮ್ಮೆ ಉರ್ದುವಿನಲ್ಲಿ ನೋವು ಹೇಳಿಕೊಳ್ಳುತ್ತಾರೆ. ಭಾಷೆ ಯಾವುದೇ ಇರಲಿ, ನೋವಿನ ಜಾಗವನ್ನು ಒಂದೇ ಬೆರಳಿನಿಂದ ಮುಟ್ಟಿ ತೋರಿಸಲು ಹೇಳಿ. ಆಮೇಲೆ ನೀವೇ ಒತ್ತಿ ನೋಡಿ. ಆ ಜಾಗದ ಹೆಸರನ್ನೂ ಬಿದ್ದ ರೀತಿಯನ್ನೂ ಚೀಟಿಯಲ್ಲಿ ಬರೆಯಿರಿ. ಹೆಂಗಸರಲ್ಲಿ ಗರ್ಭಿಣಿಯೇ ಎಂದು ಕೇಳುವುದೂ ಇದೇ ಹೊತ್ತಿನ ಕೆಲಸ.

ಬಿದ್ದ ರೀತಿಗೂ ಗಾಯದ ಜಾಗಕ್ಕೂ ಇರುವ ನಂಟು ಬಾಯಿಗೆ ಬರುವಂತಿರಬೇಕು. ಎತ್ತರದಿಂದ ಪಾದ ಊರಿ ಬಿದ್ದರೆ ಹಿಮ್ಮಡಿ, ಮೊಣಕಾಲಿನ ಕೆಳಗಿನ ಟಿಬಿಯಾದ ತಲೆ, ಸೊಂಟದ ಕುಳಿ, ಬೆನ್ನು. ಚಾಚಿದ ಅಂಗೈ ಊರಿ ಬಿದ್ದರೆ ಮಣಿಕಟ್ಟಿನ ಸಣ್ಣ ಎಲುಬುಗಳು, ಮೊಣಕೈ, ಭುಜ. ಕರೆಂಟು ಹೊಡೆದರೆ ಅಥವಾ ಫಿಟ್ಸ್ ಬಂದಿದ್ದರೆ ಭುಜ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿದ ಅಜ್ಜಿಗೆ ತೊಡೆಯೆಲುಬಿನ ಕುತ್ತಿಗೆ.

ಹಂತ 2: ಫಿಲ್ಮ್ ನಂಬಲರ್ಹವೇ ಎಂದು ನೋಡಿ

ಹೆಸರು, ತಾರೀಕು, ಎಡ–ಬಲದ ಗುರುತು. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಒಂದೇ ಅಪಘಾತದಲ್ಲಿ ಅಣ್ಣ–ತಮ್ಮ ಇಬ್ಬರೂ ಬಂದ ದಿನ ಫಿಲ್ಮ್ ಅದಲು ಬದಲಾಗುವುದು ಬಹಳ ಸುಲಭ.

ಎದೆಯ ಫಿಲ್ಮ್ ಆದರೆ ಇನ್ನೂ ಮೂರು ವಿಷಯಗಳಿವೆ. ಉಸಿರು ಸರಿಯಾಗಿ ಎಳೆದಿದ್ದರೆ ಬಲಗಡೆ ವಪೆಯ ಮೇಲೆ ಮುಂಭಾಗದ 5–6 ಅಥವಾ ಹಿಂಭಾಗದ 9–10 ಪಕ್ಕೆಲುಬುಗಳನ್ನು ಎಣಿಸಬಹುದು. ಅದಕ್ಕಿಂತ ಕಡಿಮೆಯಾದರೆ ತಳಭಾಗದ ರಕ್ತನಾಳಗಳು ಒತ್ತೊತ್ತಾಗಿ ನ್ಯುಮೋನಿಯಾದಂತೆ ಕಾಣುತ್ತವೆ, ಹೃದಯವೂ ದೊಡ್ಡದಾಗಿ ತೋರುತ್ತದೆ. ಎರಡೂ ಕಾಲರ್ ಎಲುಬುಗಳ ಒಳತುದಿ ನಡುವಿನ ಕಶೇರು ಮುಳ್ಳಿನಿಂದ ಸಮಾನ ದೂರದಲ್ಲಿರಬೇಕು. ಇಲ್ಲದಿದ್ದರೆ ರೋಗಿ ತಿರುಗಿ ನಿಂತಿದ್ದಾನೆ, ಒಂದು ಶ್ವಾಸಕೋಶ ಕಾರಣವಿಲ್ಲದೆ ಹೆಚ್ಚು ಕಪ್ಪಾಗಿರುತ್ತದೆ. ಹೃದಯದ ಹಿಂದಿನ ಕಶೇರುಗಳು ಮಸುಕಾಗಿ ಕಾಣುವಷ್ಟು ಕಿರಣ ಹೋಗಿರಬೇಕು. ಮಲಗಿಸಿ ಎಪಿ (ಕಿರಣ ಎದೆಯಿಂದ ಬೆನ್ನಿಗೆ) ತೆಗೆದ ಫಿಲ್ಮ್‌ನಲ್ಲಿ ಹೃದಯದ ಅಗಲ ಅಳೆಯಲೇಬೇಡಿ. ಎದೆಯ ಅಗಲದ ಅರ್ಧಕ್ಕಿಂತ ಹೆಚ್ಚಿದ್ದರೆ ದೊಡ್ಡ ಹೃದಯ ಎಂಬ ಲೆಕ್ಕ ನಿಲ್ಲಿಸಿ ತೆಗೆದ, ಕಿರಣ ಬೆನ್ನಿನಿಂದ ಎದೆಗೆ ಹಾಯುವ ಪಿಎ ಫಿಲ್ಮ್‌ಗೆ ಮಾತ್ರ.

ಡಿಜಿಟಲ್ ಪರದೆಯಲ್ಲಿ ನೋಡುವವರು ದೊಡ್ಡದು ಮಾಡಿ, ಬೆಳಕು ಬದಲಿಸಿ, ಕಪ್ಪು–ಬಿಳುಪು ತಿರುವಿಯೂ ನೋಡಿ. ಪಕ್ಕೆಲುಬಿನ ಸಣ್ಣ ಬಿರುಕು ಕೆಲವೊಮ್ಮೆ ತಿರುವಿದಾಗಲೇ ಕಣ್ಣಿಗೆ ಬೀಳುತ್ತದೆ.

ಹಂತ 3: ಎರಡರ ಲೆಕ್ಕ

ಎರಡು ಕೋನ, ಎರಡು ಕೀಲು, ಎರಡು ಸಲ (ಮೊದಲ ದಿನ ಕಾಣದ್ದಕ್ಕೆ ಕೆಲವು ದಿನ ಬಿಟ್ಟು ಮತ್ತೊಮ್ಮೆ). ಒಂದಕ್ಕೊಂದು ಅಡ್ಡವಾದ ಎರಡು ಕೋನಗಳಿಲ್ಲದೆ ಯಾವ ಎಲುಬನ್ನೂ ನಾರ್ಮಲ್ ಎನ್ನಬಾರದು, ಏಕೆಂದರೆ ಎದುರಿನಿಂದ ನೇರವಾಗಿ ಕಾಣುವ ಎಲುಬು ಪಕ್ಕದಿಂದ ನೋಡಿದರೆ ಜಾರಿ ಕೂತಿರಬಹುದು. ಉದ್ದದ ಎಲುಬು ಮುರಿದಿದ್ದರೆ ಮೇಲಿನ ಮತ್ತು ಕೆಳಗಿನ ಕೀಲು ಎರಡೂ ಫಿಲ್ಮ್‌ನೊಳಗೆ ಬರಬೇಕು. ಮುಂಗೈಯಲ್ಲಿ ಕಿರುಬೆರಳಿನ ಬದಿಯ ಎಲುಬಾದ ಅಲ್ನಾ ಮುರಿದಲ್ಲಿ, ಹೆಬ್ಬೆರಳಿನ ಬದಿಯ ರೇಡಿಯಸ್ ಎಲುಬಿನ ತಲೆ ಮೊಣಕೈಯಲ್ಲಿ ಜಾರಿರಬಹುದು. ರೇಡಿಯಸ್ ಮುರಿದಲ್ಲಿ ಮಣಿಕಟ್ಟಿನ ಬಳಿ ಅಲ್ನಾ ಜಾರಿರಬಹುದು. ಪಾದದ ಗಂಟಿನ ಒಳಬದಿ ಊದಿ ಕೀಲು ಅಗಲವಾಗಿದೆ, ಅಲ್ಲಿ ಮುರಿತ ಕಾಣುವುದಿಲ್ಲ ಎಂದಾದರೆ ಮೊಣಕಾಲಿನ ಕೆಳಗೆ ಹೊರಬದಿಯ ತೆಳು ಎಲುಬಾದ ಫಿಬುಲಾದ ಕುತ್ತಿಗೆಯನ್ನು ಒತ್ತಿ ನೋಡಿ. ಮುರಿತ ಅಲ್ಲಿರಬಹುದು.

ಇನ್ನೊಂದು ಮಾತು. ಒಂದು ಗಾಯ ಸಿಕ್ಕಿದ ಕೂಡಲೇ ಮನಸ್ಸಿಗೆ ಸಮಾಧಾನವಾಗಿ ಹುಡುಕುವುದು ನಿಂತುಹೋಗುತ್ತದೆ. ಸಿಕ್ಕಿದ್ದನ್ನು ಬದಿಗಿಟ್ಟು, ಅದು ಇಲ್ಲವೇ ಇಲ್ಲ ಎಂಬಂತೆ ಉಳಿದ ಫಿಲ್ಮ್ ಅನ್ನು ಮೊದಲಿನಿಂದ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಹಂತ 4: ಮರದಿಂದ ಬಿದ್ದವರು

ನಮ್ಮ ಜಿಲ್ಲೆಗೆ ಇದೇ ಮುಖ್ಯ ಅಧ್ಯಾಯ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಮಳೆ ಬಿಡುವು ಕೊಟ್ಟ ಗಳಿಗೆಯಲ್ಲಿ ಅಡಿಕೆಗೆ ಮದ್ದು ಬಿಡಲು ಮರ ಹತ್ತುತ್ತಾರೆ. ಒದ್ದೆ ಕಾಂಡ, ಜಾರುವ ತಳೆ (ಹತ್ತುವಾಗ ಕಾಲಿಗೆ ಹಾಕುವ ಬಳೆ). ಬಿದ್ದವರು ಮೊದಲು ತೋರಿಸುವುದು ಹಿಮ್ಮಡಿ.

ಹಿಮ್ಮಡಿಯ ಪಕ್ಕದ ಫಿಲ್ಮ್‌ನಲ್ಲಿ ಮುರಿತದ ಗೆರೆ ಹುಡುಕುತ್ತಾ ಕೂರಬೇಡಿ. ಅಲ್ಲಿ ಎಲುಬು ಕುಸಿದಿರುತ್ತದೆ, ಬಿರುಕು ಬಿಟ್ಟಂತೆ ಕಾಣುವುದಿಲ್ಲ. ಕೋನ ಅಳೆಯಿರಿ. ಹಿಮ್ಮಡಿ ಎಲುಬಿನ ಮುಂತುದಿಯ ಎತ್ತರದ ಬಿಂದುವಿನಿಂದ ನಡುವಿನ ಕೀಲುಮುಖದ ಎತ್ತರದ ಬಿಂದುವಿಗೆ ಒಂದು ಗೆರೆ. ಹಿಂದಿನ ಗುಬ್ಬಿಯ ಮೇಲಂಚಿನಿಂದ ಅದೇ ನಡುಬಿಂದುವಿಗೆ ಇನ್ನೊಂದು ಗೆರೆ. ಗೆರೆಗಳನ್ನು ನಡುಬಿಂದುವಿನಾಚೆಗೂ ಎಳೆದಾಗ ಇವೆರಡರ ನಡುವೆ ಸಿಗುವ ಕಿರಿದಾದ ಕೋನವೇ ಬೋಹ್ಲರ್ ಕೋನ. ಅದು ಸಾಮಾನ್ಯವಾಗಿ 20ರಿಂದ 40 ಡಿಗ್ರಿ. 20ಕ್ಕಿಂತ ಕೆಳಗಿಳಿದರೆ ಎಲುಬು ಕುಸಿದಿದೆ ಎಂದೇ ತಿಳಿಯಿರಿ. ಅನುಮಾನ ಬಂದರೆ ಇನ್ನೊಂದು ಕಾಲಿನದನ್ನೂ ಅಳೆದು ಹೋಲಿಸಿ, ಆದರೆ ಆ ಕಾಲೂ ಮುರಿದಿರಬಹುದು ಎಂಬುದು ನೆನಪಿರಲಿ. ಕೋನ ಸರಿಯಾಗಿದ್ದರೂ ಮುರಿತ ಇಲ್ಲವೆಂದಾಗಲಿಲ್ಲ. ಹಿಮ್ಮಡಿಯನ್ನು ಹಿಂದಿನಿಂದ ತೋರಿಸುವ ಆಕ್ಸಿಯಲ್ ಫಿಲ್ಮ್ ಕೂಡ ಬೇಕು.

ಹೀಗೆ ಹಿಮ್ಮಡಿ ಕುಸಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಬೆನ್ನುಮೂಳೆಯೂ ಮುರಿದಿರುತ್ತದೆ. ಹಿಮ್ಮಡಿಯ ನೋವು ಜೋರಾಗಿರುವಾಗ ಬೆನ್ನಿನ ನೋವನ್ನು ರೋಗಿ ಹೇಳುವುದೇ ಇಲ್ಲ. ನೀವೇ ಕೇಳಬೇಕು, ಅವನನ್ನು ಕೂರಿಸದೆ ಹಲಗೆ ಹೊರಳಿಸಿದಂತೆ ಹೊರಳಿಸಿ ಬೆನ್ನಿನ ನಡುಗೆರೆಯುದ್ದಕ್ಕೂ ಒತ್ತಿ ನೋಡಬೇಕು. ಮುರಿಯುವುದು ಹೆಚ್ಚಾಗಿ ಎದೆಯ ಬೆನ್ನು ಸೊಂಟಕ್ಕೆ ಸೇರುವ ಕಡೆ, 12ನೇ ಎದೆ ಕಶೇರು ಮತ್ತು 1ನೇ ಸೊಂಟದ ಕಶೇರುವಿನ ಸುತ್ತ. ಸೊಂಟದ ಬೆನ್ನುಮೂಳೆಯ ಫಿಲ್ಮ್ ಮಾತ್ರ ತೆಗೆದರೆ ಈ ಭಾಗ ಫಿಲ್ಮ್‌ನ ಮೇಲಂಚಿನಲ್ಲಿ ಕತ್ತರಿಸಿ ಹೋಗುತ್ತದೆ. ಆದ್ದರಿಂದ ಈ ಜಾಗವನ್ನು ನಡುವಿಗಿಟ್ಟೇ ತೆಗೆಯಲು ಚೀಟಿಯಲ್ಲಿ ಬರೆಯಿರಿ.

ಪಕ್ಕದ ಫಿಲ್ಮ್‌ನಲ್ಲಿ ಪ್ರತಿ ಕಶೇರುವಿನ ಮುಂದಿನ ಎತ್ತರವನ್ನು ಹಿಂದಿನ ಎತ್ತರದ ಜೊತೆಗೆ, ಮೇಲಿನ ಮತ್ತು ಕೆಳಗಿನ ಕಶೇರುಗಳ ಜೊತೆಗೆ ಹೋಲಿಸಿ. ಮುಂದೆ ಮಾತ್ರ ಕುಗ್ಗಿದ್ದರೆ ಬೆಣೆಯಾಕಾರದ ಕುಸಿತ. ಹಿಂದಿನ ಅಂಚು ಸ್ವಲ್ಪ ಒಳಬಾಗಿರಬೇಕು. ಅದು ನೆಟ್ಟಗಾಗಿದ್ದರೆ ಅಥವಾ ಹಿಂದಕ್ಕೆ ಉಬ್ಬಿದ್ದರೆ ಎಲುಬಿನ ತುಂಡು ನರಹುರಿಯ ಕಡೆಗೆ ಹೋಗಿದೆ ಎಂದು ಭಯಪಡಬೇಕು. ಇನ್ನು ಎದುರಿನ ಫಿಲ್ಮ್‌ನಲ್ಲಿ ಪ್ರತಿ ಕಶೇರುವಿಗೆ ಎರಡು ಕಣ್ಣುಗಳಂತೆ, ಕಶೇರುವನ್ನು ಅದರ ಹಿಂದಿನ ಕಮಾನಿಗೆ ಸೇರಿಸುವ ಪೆಡಿಕಲ್‌ಗಳು ಕಾಣುತ್ತವೆ. ಮೇಲಿನಿಂದ ಕೆಳಕ್ಕೆ ಅವುಗಳ ನಡುವಿನ ದೂರ ಮೆಲ್ಲಮೆಲ್ಲನೆ ಹೆಚ್ಚಬೇಕು. ಒಂದು ಕಡೆ ದಿಢೀರನೆ ಅಗಲವಾಗಿದ್ದರೆ ಕಶೇರು ಸಿಡಿದಿದೆ, ಸಿಟಿ ಬೇಕೇ ಬೇಕು. ಬಿದ್ದೇ ಇರದ, ತಿಂಗಳುಗಟ್ಟಲೆ ಬೆನ್ನು ನೋವೆನ್ನುವ ಹಿರಿಯರಲ್ಲಿ ಒಂದು ಪೆಡಿಕಲ್ ಮಾಯವಾಗಿದ್ದರೆ ಕ್ಯಾನ್ಸರ್ ಹರಡಿರಬಹುದು. ವಯಸ್ಸಾದುದರ ನೋವು ಎಂದು ಮುಲಾಮು ಬರೆಯುವ ಮುನ್ನ ಆ ಕಣ್ಣುಗಳನ್ನು ಎಣಿಸಿ.

ಕುತ್ತಿಗೆಯ ಪಕ್ಕದ ಫಿಲ್ಮ್‌ನಲ್ಲಿ 7ನೇ ಕಶೇರು ಮತ್ತು ಅದರ ಕೆಳಗಿನ 1ನೇ ಎದೆ ಕಶೇರುವಿನ ಮೇಲಂಚು ಕಾಣದಿದ್ದರೆ ಆ ಫಿಲ್ಮ್ ಅಪೂರ್ಣ. ಕಶೇರುಗಳ ಮುಂದಿನ ಮೃದು ಅಂಗಾಂಶದ ದಪ್ಪ ದೊಡ್ಡವರಲ್ಲಿ 2ನೇ ಕಶೇರುವಿನ ಬಳಿ 6 ಮಿಲಿಮೀಟರ್, 6ನೇ ಕಶೇರುವಿನ ಬಳಿ 22 ಮಿಲಿಮೀಟರ್ ಮೀರಬಾರದು. ಮೀರಿದ್ದರೆ ಎಲುಬು ಸರಿಯಾಗಿ ಕಂಡರೂ ಒಳಗೆ ರಕ್ತ ತುಂಬಿದೆ ಎಂಬ ಸುಳಿವು. ಎತ್ತರದಿಂದ ಬಿದ್ದು ಕುತ್ತಿಗೆ ನೋವೆನ್ನುವವರಿಗೆ ಸಿಟಿ ಸಿಗುವ ಕಡೆ ಎಕ್ಸ್‌ರೇಯನ್ನೇ ನೆಚ್ಚಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಹಂತ 5: ಭುಜ, ಮೊಣಕೈ, ಮಣಿಕಟ್ಟು

ಲೋಹದ ದೋಟಿ ವಿದ್ಯುತ್ ತಂತಿಗೆ ತಾಗುವ ಅವಘಡ ತೋಟದ ಊರಿನವರಿಗೆ ಹೊಸತಲ್ಲ. ಬದುಕಿ ಉಳಿದವರು "ಭುಜ ಎತ್ತಲಾಗುವುದಿಲ್ಲ" ಎಂದರೆ ಭುಜ ಹಿಂದಕ್ಕೆ ಜಾರಿದೆಯೇ ಎಂದು ನೋಡಿ. ಫಿಟ್ಸ್ ಬಂದವರಲ್ಲೂ ಹೀಗೆಯೇ. ಮುಂದಕ್ಕೆ ಜಾರಿದ ಭುಜ ಎಲ್ಲರಿಗೂ ಕಾಣುತ್ತದೆ. ಹಿಂದಕ್ಕೆ ಜಾರಿದ್ದು ಎದುರಿನ ಫಿಲ್ಮ್‌ನಲ್ಲಿ ಸರಿಯಾಗಿಯೇ ಇರುವಂತೆ ತೋರಿ ಮೋಸ ಮಾಡುತ್ತದೆ. ತೋಳಿನ ಎಲುಬಿನ ತಲೆ ಒಳಕ್ಕೆ ತಿರುಗಿ ವಿದ್ಯುತ್ ಬಲ್ಬಿನ ಹಾಗೆ ದುಂಡಗೆ ಕಾಣುವುದು ಒಂದು ಸುಳಿವು. ಕೈಯನ್ನು ಹೊರಕ್ಕೆ ತಿರುಗಿಸಲು ಸ್ವಲ್ಪವೂ ಆಗದಿರುವುದು ಅದಕ್ಕಿಂತ ಒಳ್ಳೆಯ ಸುಳಿವು. ಕಂಕುಳಿನ ಆಕ್ಸಿಲರಿ ಫಿಲ್ಮ್ ಅಥವಾ ಭುಜದ ಹಲಗೆ ಎಲುಬಾದ ಸ್ಕ್ಯಾಪುಲಾದ ವೈ ಫಿಲ್ಮ್ ತೆಗೆದರೆ ಸಂಶಯ ತೀರುತ್ತದೆ.

ಭುಜದ ಫಿಲ್ಮ್ ಕೈಗೆ ಬಂದಾಗ ಅದರ ಮೂಲೆಯಲ್ಲಿರುವ ಶ್ವಾಸಕೋಶದ ತುದಿಯನ್ನೂ ನೋಡಿ ಎಂದು ಯಾರೂ ಕಲಿಸಿಕೊಡುವುದಿಲ್ಲ. ಬೀಡಿ ಸೇದುವ ಹಿರಿಯರ ಭುಜದ ನೋವು ತಿಂಗಳಾದರೂ ಇಳಿಯದೆ, ಕೈಯ ಒಳಬದಿಗೆ ಹರಿಯುತ್ತಿದ್ದರೆ ಮೂಲ ಆ ತುದಿಯಲ್ಲಿ ಬೆಳೆದ ಗಡ್ಡೆಯಾಗಿರಬಹುದು. ಅಲ್ಲಿ ಬಿಳಿಚಾಯೆ ಇದೆಯೇ, ಪಕ್ಕದ ಪಕ್ಕೆಲುಬು ಕರಗಿದೆಯೇ ಎಂದು ನೋಡಿ.

ಮೊಣಕೈಯಲ್ಲಿ ಎಲುಬಿಗಿಂತ ಮೊದಲು ಕೊಬ್ಬನ್ನು ಹುಡುಕಿ. ಪಕ್ಕದ ಫಿಲ್ಮ್‌ನಲ್ಲಿ ತೋಳಿನ ಎಲುಬಿನ ಮುಂದೆ ಕಪ್ಪು ಕೊಬ್ಬಿನ ತೆಳು ಪಟ್ಟಿ ಇರುವುದು ಸಹಜ. ಅದು ಹಾಯಿಯಂತೆ ಉಬ್ಬಿ ಮುಂದಕ್ಕೆ ಬಂದಿದ್ದರೆ ಕೀಲಿನೊಳಗೆ ರಕ್ತವಿದೆ. ಮೊಣಕೈ ಮಡಚಿ ತೆಗೆದ ಫಿಲ್ಮ್‌ನಲ್ಲಿ ಹಿಂಭಾಗದ ಕೊಬ್ಬು ಕಾಣಲೇಬಾರದು, ಕಂಡರೆ ಮುರಿತ ಇದೆ ಎಂದೇ ನಡೆದುಕೊಳ್ಳಿ. ದೊಡ್ಡವರಲ್ಲಿ ಅದು ಹೆಚ್ಚಾಗಿ ರೇಡಿಯಸ್ ತಲೆಯ ಬಿರುಕು, ಮಕ್ಕಳಲ್ಲಿ ತೋಳಿನ ಎಲುಬಿನ ಕೆಳತುದಿಯದ್ದು. ರೇಡಿಯಸ್‌ನ ನಡುವಿನಿಂದ ಎಳೆದ ಗೆರೆ ಯಾವ ಫಿಲ್ಮ್‌ನಲ್ಲೇ ಆಗಲಿ ಕ್ಯಾಪಿಟೆಲ್ಲಮ್ ಎಂಬ ದುಂಡು ಎಲುಬಿನ ಮೂಲಕ ಹಾಯಬೇಕು.

ಮಣಿಕಟ್ಟಿನಲ್ಲಿ ಎರಡು ಗಾಯಗಳು ಪದೇ ಪದೇ ತಪ್ಪಿಹೋಗುತ್ತವೆ. ಮೊದಲನೆಯದು ಹೆಬ್ಬೆರಳಿನ ಬುಡದ ಬಳಿಯ ಸಣ್ಣ ಎಲುಬು ಸ್ಕಾಫಾಯ್ಡ್. ಹೆಬ್ಬೆರಳು ಎತ್ತಿದಾಗ ಬುಡದಲ್ಲಿ ಮೂಡುವ ಗುಳಿಯನ್ನು ಒತ್ತಿದರೆ ನೋವಿದೆ, ಮೊದಲ ದಿನದ ಫಿಲ್ಮ್ ಸ್ವಚ್ಛವಾಗಿದೆ ಎಂದರೆ ಉಳುಕು ಎಂದು ಬಟ್ಟೆ ಸುತ್ತಿ ಕಳಿಸುವುದು ತಪ್ಪು. ಈ ಎಲುಬಿಗೆ ರಕ್ತ ಬರುವುದು ಬೆರಳಿನ ಕಡೆಯ ಭಾಗದಿಂದ ಹಿಂದಕ್ಕೆ. ಹಾಗಾಗಿ ನಡುವಿನಲ್ಲಿ ಮುರಿದರೆ ಹಿಂದಿನ ತುಂಡು ರಕ್ತವಿಲ್ಲದೆ ಸತ್ತುಹೋಗಬಹುದು. ಸ್ಕಾಫಾಯ್ಡ್‌ಗೆಂದೇ ಇರುವ ಕೋನಗಳಲ್ಲಿ ಫಿಲ್ಮ್ ತೆಗೆಸಿ, ಹೆಬ್ಬೆರಳು ಸೇರಿಸಿ ಸ್ಲ್ಯಾಬ್ (ಅರ್ಧ ಪ್ಲಾಸ್ಟರ್) ಹಾಕಿ, 10ರಿಂದ 14 ದಿನಕ್ಕೆ ಮತ್ತೆ ಫಿಲ್ಮ್ ತೆಗೆಸಿ. ಅಷ್ಟರಲ್ಲಿ ಮುರಿತದ ಅಂಚು ಕರಗಿ ಗೆರೆ ಕಾಣತೊಡಗುತ್ತದೆ. ಎಂಆರ್‌ಐ ಸಿಗುವುದಾದರೆ ಕಾಯುವ ಅಗತ್ಯವೂ ಇಲ್ಲ.

ಎರಡನೆಯದು ಮಣಿಕಟ್ಟಿನ ನಡುವಿನ ಎಲುಬು ಲೂನೇಟ್. ಪಕ್ಕದ ಫಿಲ್ಮ್‌ನಲ್ಲಿ ರೇಡಿಯಸ್, ಅದರ ಮೇಲೆ ಬಟ್ಟಲಿನಂತೆ ಲೂನೇಟ್, ಬಟ್ಟಲಿನೊಳಗೆ ಕ್ಯಾಪಿಟೇಟ್, ಮೂರೂ ಒಂದೇ ಗೆರೆಯಲ್ಲಿರಬೇಕು. ಬಟ್ಟಲು ಮುಂದಕ್ಕೆ ಮಗುಚಿದ್ದರೆ ಲೂನೇಟ್ ಜಾರಿದೆ. ಬಟ್ಟಲು ನೆಟ್ಟಗಿದ್ದು ಕ್ಯಾಪಿಟೇಟ್ ಹಿಂದಕ್ಕೆ ಹೋಗಿದ್ದರೆ ಉಳಿದ ಮಣಿಕಟ್ಟೇ ಜಾರಿದೆ. ಎದುರಿನ ಫಿಲ್ಮ್‌ನಲ್ಲಿ ಸಣ್ಣ ಎಲುಬುಗಳ ಅಂಚಿನುದ್ದಕ್ಕೂ ಮೂರು ನಯವಾದ ಕಮಾನುಗಳು ಕಾಣಬೇಕು, ಅವು ಎಲ್ಲಾದರೂ ಮುರಿದಿದ್ದರೆ ಪಕ್ಕದ ಫಿಲ್ಮ್‌ಗೆ ಹಿಂದಿರುಗಿ. ರೇಡಿಯಸ್ ತುದಿಯಲ್ಲಿ ಒಂದು ಬಿರುಕು ಸಿಕ್ಕಿತೆಂದು ಸಮಾಧಾನಪಟ್ಟವರು ಇದನ್ನು ಕಾಣುವುದಿಲ್ಲ.

ಹಂತ 6: ಸೊಂಟದಿಂದ ಪಾದಕ್ಕೆ

ಅಂಗಳದಲ್ಲಿ ಜಾರಿದ ಅಜ್ಜಿ ಕಾಲು ಊರಲಾರೆ ಎನ್ನುತ್ತಾರೆ, ಫಿಲ್ಮ್ ಸರಿಯಾಗಿದೆ. ಇಲ್ಲಿ ಅಜ್ಜಿಯನ್ನು ನಂಬಿ. ತೊಡೆಯೆಲುಬಿನ ಕುತ್ತಿಗೆಯ ಕೆಳಂಚಿನಿಂದ ಸೊಂಟದ ಎಲುಬಿನ ರಂಧ್ರದ ಮೇಲಂಚಿನವರೆಗೆ ಹರಿಯುವ ಶೆಂಟನ್ ಕಮಾನು ಎಲ್ಲೂ ಮೆಟ್ಟಿಲು ಬೀಳದೆ ಸಾಗಬೇಕು. ಆದರೆ ಒಂದರೊಳಗೊಂದು ನಾಟಿಕೊಂಡ ಮುರಿತದಲ್ಲಿ ಈ ಕಮಾನು ಹೆಚ್ಚೇನೂ ಕೆಡುವುದಿಲ್ಲ. ಕುತ್ತಿಗೆಗೆ ಅಡ್ಡಲಾಗಿ ಒಂದು ಮಸುಕು ಬಿಳಿಪಟ್ಟಿ, ಒಳಗಿನ ಎಲುಬು ಎಳೆಗಳ ದಿಕ್ಕು ತಪ್ಪಿರುವುದು, ಇಷ್ಟೇ ಉಳಿಯುತ್ತದೆ. ಕಾಲು ಹೊರಕ್ಕೆ ತಿರುಗಿರುವಾಗ ತೆಗೆದ ಫಿಲ್ಮ್‌ನಲ್ಲಿ ಕುತ್ತಿಗೆ ಮೊಟಕಾಗಿ ಕಾಣುವುದರಿಂದ, ನೋವು ಬಿಟ್ಟರೆ ಪಾದವನ್ನು ಸುಮಾರು 15 ಡಿಗ್ರಿ ಒಳಕ್ಕೆ ತಿರುಗಿಸಿ ತೆಗೆಯಬೇಕು. ಜಘನದ ಎಲುಬಿನ ಕಡ್ಡಿಗಳನ್ನೂ ನೋಡಿ. ಏನೂ ಸಿಗದೆ ನೋವು ಉಳಿದರೆ ಎಂಆರ್‌ಐ, ಇಲ್ಲವಾದರೆ ಸಿಟಿ. "ಎರಡು ದಿನ ನಡೆದು ನೋಡಿ" ಎಂದು ಕಳಿಸಿದರೆ ನಾಟಿಕೊಂಡಿದ್ದ ಮುರಿತ ಬಿಟ್ಟುಕೊಂಡು, ಸ್ಕ್ರೂ ಹಾಕಿ ಮುಗಿಸಬಹುದಾದ ಕಡೆ ಕೀಲು ಬದಲಿಸುವ ಆಪರೇಷನ್ ಬೇಕಾಗುತ್ತದೆ.

ಮೊಣಕಾಲು ಊದಿದ್ದರೆ ರೋಗಿಯನ್ನು ಅಂಗಾತ ಮಲಗಿಸಿ ಕಿರಣವನ್ನು ಅಡ್ಡಲಾಗಿ ಹಾಯಿಸಿ ಪಕ್ಕದ ಫಿಲ್ಮ್ ತೆಗೆಸಿ. ಎಲುಬು ಬಿರುಕು ಬಿಟ್ಟಿದ್ದರೆ ಮಜ್ಜೆಯ ಕೊಬ್ಬು ಕೀಲಿಗೆ ಸೋರಿ ರಕ್ತದ ಮೇಲೆ ತೇಲುತ್ತದೆ, ಮಂಡಿಚಿಪ್ಪಿನ ಮೇಲ್ಭಾಗದಲ್ಲಿ ಸಮತಟ್ಟಾದ ಗೆರೆಯಾಗಿ ಕಾಣುತ್ತದೆ. ಗೆರೆ ಕಂಡರೆ ಮುರಿತ ಸಿಗುವವರೆಗೆ ಹುಡುಕುವುದು ಬಿಡಬೇಡಿ. ಟಿಬಿಯಾದ ಹೊರಬದಿಯ ಮೇಲಂಚಿನಲ್ಲಿ ಅಕ್ಕಿಕಾಳಿನಷ್ಟು ಚೂರು ಎದ್ದಿದ್ದರೆ ಅದು ಒಳಗಿನ ಎಸಿಎಲ್ ಎಂಬ ಅಸ್ಥಿಬಂಧ ಹರಿದಿರುವುದರ ಗುರುತು.

ಪಾದದ ಮೇಲೆ ಕೆಂಪುಕಲ್ಲು ಬಿದ್ದವರು, ಬೈಕಿನಡಿಗೆ ಪಾದ ಸಿಕ್ಕಿ ತಿರುಚಿದವರು ಬಂದರೆ ಲಿಸ್‌ಫ್ರಾಂಕ್ ಗಾಯ (ಪಾದದ ನಡುವಿನ ಕೀಲುಗಳು ಸರಿಯುವುದು) ನೆನಪಾಗಬೇಕು. ಎದುರಿನ ಫಿಲ್ಮ್‌ನಲ್ಲಿ ಎರಡನೆಯ ಮೆಟಟಾರ್ಸಲ್ ಎಂಬ ಉದ್ದ ಎಲುಬಿನ ಒಳ ಅಂಚು ಅದರ ಹಿಂದಿನ ನಡು ಕ್ಯೂನಿಫಾರ್ಮ್ ಎಂಬ ಸಣ್ಣ ಎಲುಬಿನ ಒಳ ಅಂಚಿಗೆ ಸರಿಯಾಗಿ ಹೊಂದಬೇಕು. ಒಂದೆರಡು ಮಿಲಿಮೀಟರ್ ಸರಿದಿದ್ದರೂ ಲೆಕ್ಕಕ್ಕೆ ಬರುತ್ತದೆ. ಮೊದಲ ಮತ್ತು ಎರಡನೆಯ ಮೆಟಟಾರ್ಸಲ್ ಬುಡಗಳ ನಡುವೆ ಚೂರು ಎಲುಬು ಕಂಡರೆ ಇನ್ನೂ ಖಚಿತ. ಮಲಗಿ ತೆಗೆದ ಫಿಲ್ಮ್‌ನಲ್ಲಿ ಎಲುಬುಗಳು ತಮ್ಮ ಜಾಗಕ್ಕೆ ಮರಳಿ ಸುಳ್ಳು ಹೇಳಬಹುದು, ನಿಲ್ಲಲು ಸಾಧ್ಯವಾದರೆ ಭಾರ ಊರಿ ನಿಲ್ಲಿಸಿ ತೆಗೆಸಿ. ಅಂಗಾಲಿನ ನಡುವೆ ರಕ್ತ ಹೆಪ್ಪುಗಟ್ಟಿದ ನೀಲಿ ಕಲೆ ಇದ್ದರೆ ಫಿಲ್ಮ್ ಏನೇ ಹೇಳಲಿ, ಎಲುಬಿನ ಡಾಕ್ಟರಿಗೆ ತೋರಿಸಿ.

ಹಂತ 7: ಎದೆ ಮತ್ತು ಹೊಟ್ಟೆ

ಎದೆಯ ಫಿಲ್ಮ್‌ನಲ್ಲಿ ಕಣ್ಣು ತಾನಾಗಿ ಓಡುವುದು ಅಗಲವಾದ ಕಪ್ಪು ಭಾಗಕ್ಕೆ. ಕಾಯಿಲೆ ಅವಿತಿರುವುದು ಕಾಲರ್ ಎಲುಬಿನ ಹಿಂದಿರುವ ಶ್ವಾಸಕೋಶದ ತುದಿಯಲ್ಲಿ, ಹೃದಯದ ಹಿಂದೆ, ರಕ್ತನಾಳಗಳು ಶ್ವಾಸಕೋಶಕ್ಕೆ ಹೊಗುವ ಹೈಲಮ್‌ನಲ್ಲಿ, ವಪೆಯ ಗುಮ್ಮಟದ ಕೆಳಗೆ ಇಳಿದಿರುವ ಶ್ವಾಸಕೋಶದಲ್ಲಿ, ಮತ್ತು ಅಂಚಿನ ಎಲುಬುಗಳಲ್ಲಿ. ಮೊದಲು ಇವನ್ನು ನೋಡಿ ಮುಗಿಸಿ ಆಮೇಲೆ ನಡುವಿಗೆ ಬನ್ನಿ. ಕ್ಷಯದ ಮಚ್ಚೆ ತುದಿಯಲ್ಲಿ ಕಾಲರ್ ಎಲುಬಿನ ಮರೆಯಲ್ಲಿರುವಾಗ ಎಡ–ಬಲ ಹೋಲಿಸದೆ ಸಿಗುವುದಿಲ್ಲ.

ಅಂಚುಗಳು ಉಳಿದಿವೆಯೇ ಎಂದು ನೋಡುವುದು ಎರಡನೆಯ ಕೆಲಸ. ಹೃದಯದ ಬಲ ಅಂಚು ಅಳಿಸಿದ್ದರೆ ತೊಂದರೆ ಬಲ ಶ್ವಾಸಕೋಶದ ನಡು ಹಾಲೆಯಲ್ಲಿ. ಎಡ ಅಂಚು ಅಳಿಸಿದ್ದರೆ ಎಡ ಮೇಲಿನ ಹಾಲೆಯ ಕೆಳಭಾಗವಾದ ಲಿಂಗುಲಾದಲ್ಲಿ. ವಪೆಯ ಅಂಚು ಅಳಿಸಿದ್ದರೆ ಕೆಳ ಹಾಲೆಯಲ್ಲಿ. ಹೃದಯದ ಹಿಂದೆ ತ್ರಿಕೋನದ ಬಿಳಿಚಾಯೆಯಿದ್ದು ಎಡ ವಪೆಯ ಒಳಭಾಗ ಕಾಣದಿದ್ದರೆ ಎಡ ಕೆಳ ಹಾಲೆ ಮುದುಡಿದೆ. ಎದೆಗೂಡು ಒಳಗುಳಿ ಬಿದ್ದವರಲ್ಲಿ ಮಾತ್ರ ಬಲ ಅಂಚು ಕಾಯಿಲೆಯಿಲ್ಲದೆಯೂ ಮಸುಕಾಗುತ್ತದೆ.

ಸುಳ್ಳು ನೆರಳುಗಳ ಪಟ್ಟಿ ಉದ್ದ. ಭುಜದ ಮೇಲೆ ಇಳಿದ ಜಡೆ ಶ್ವಾಸಕೋಶದ ತುದಿಯಲ್ಲಿ ಕ್ಷಯದಂತೆ ಕಾಣುತ್ತದೆ. ಕೂದಲು ಎತ್ತಿ ಕಟ್ಟಿಸಿ, ಕರಿಮಣಿ, ಉರುಕು (ತಾಯಿತ) ತೆಗೆಸಿ ಮತ್ತೆ ತೆಗೆಯಿರಿ. ತಳಭಾಗದಲ್ಲಿ ಎರಡೂ ಬದಿ ಸಮಾನವಾಗಿ ಕಾಣುವ ದುಂಡು ಚುಕ್ಕೆ ಮೊಲೆತೊಟ್ಟಿನದಿರಬಹುದು. ಮೊದಲ ಪಕ್ಕೆಲುಬು ಎದೆಗೆ ಸೇರುವಲ್ಲಿ ಸುಣ್ಣ ಕಟ್ಟಿದ್ದು ಗಡ್ಡೆಯೆಂದು ಹೆದರಿಸುತ್ತದೆ. ಮಲಗಿದ ಮುದುಕರ ಬೆನ್ನಿನ ಚರ್ಮದ ಮಡಿಕೆ, ಶ್ವಾಸಕೋಶದ ಹೊರಗೆ ಎದೆಗೂಡಿನಲ್ಲಿ ಗಾಳಿ ಸೇರುವ ನ್ಯೂಮೋಥೊರಾಕ್ಸ್‌ನ ಗೆರೆಯಂತೆ ತೋರುತ್ತದೆ. ಮಡಿಕೆಯಾದರೆ ಆ ಗೆರೆಯ ಆಚೆಗೂ ರಕ್ತನಾಳಗಳು ಕಾಣುತ್ತವೆ, ಗೆರೆ ಎದೆಗೂಡಿನ ಹೊರಕ್ಕೂ ಸಾಗಿರುತ್ತದೆ. ನಿಜವಾದ ನ್ಯೂಮೋಥೊರಾಕ್ಸ್‌ನಲ್ಲಿ ಕೂದಲೆಳೆಯ ಬಿಳಿಗೆರೆ, ಅದರಾಚೆ ಬರಿದು. ಮಲಗಿಸಿ ತೆಗೆದಾಗ ಗಾಳಿ ಮುಂದಕ್ಕೂ ಕೆಳಕ್ಕೂ ಸೇರುವುದರಿಂದ ಆ ಬಿಳಿಗೆರೆ ಕಾಣದೆ, ವಪೆಯ ಬದಿಯ ಮೂಲೆ ಮಾತ್ರ ಅಸಹಜವಾಗಿ ಆಳಕ್ಕೆ ಇಳಿದು ಕಪ್ಪಾಗಿರುತ್ತದೆ. ಶ್ವಾಸಕೋಶದ ಸುತ್ತ ನೀರು ತುಂಬಿದ್ದರೂ ಮಲಗಿದಾಗ ಮೂಲೆ ಮುಚ್ಚುವುದಿಲ್ಲ, ಇಡೀ ಬದಿ ತೆಳು ಪರದೆ ಹಾಕಿದಂತೆ ಬಿಳುಚಿಕೊಳ್ಳುತ್ತದೆ ಅಷ್ಟೆ. ನಿಲ್ಲಿಸಿ ತೆಗೆದರೂ ಪಿಎ ಫಿಲ್ಮ್‌ನಲ್ಲಿ ಮೂಲೆ ಮೊಂಡಾಗಲು ಸುಮಾರು 200 ಮಿಲಿಲೀಟರ್ ನೀರು ಬೇಕು.

ಬೀಡಿ ಸೇದುವ, ಐವತ್ತು ದಾಟಿದವರ ನ್ಯುಮೋನಿಯಾ ವಾಸಿಯಾದ ಮೇಲೆ ಸುಮಾರು 6 ವಾರಕ್ಕೆ ಇನ್ನೊಂದು ಫಿಲ್ಮ್ ತೆಗೆಸಿ. ಬಿಳಿಚಾಯೆ ಅಲ್ಲೇ ಉಳಿದಿದ್ದರೆ ಅದರ ಹಿಂದೆ ಗಡ್ಡೆ ಇರಬಹುದು. ಜ್ವರ ಬಿಟ್ಟವರು ಮತ್ತೆ ಆಸ್ಪತ್ರೆಗೆ ಬರುವುದು ಕಷ್ಟವೇ, ಆದರೂ ಹೇಳಿ ಕಳಿಸುವುದು ನಮ್ಮ ಕೆಲಸ.

ಹೊಟ್ಟೆ ಹಲಗೆಯಂತೆ ಬಿಗಿದು ಬಂದವರಿಗೆ ಹೊಟ್ಟೆಯದಕ್ಕಿಂತ ನಿಲ್ಲಿಸಿ ತೆಗೆದ ಎದೆಯ ಫಿಲ್ಮ್ ಮುಖ್ಯ. ಗಂಟುನೋವಿಗೆ ಅಂಗಡಿಯಿಂದ ಗುಳಿಗೆ ತಂದು ನುಂಗುತ್ತಿದ್ದವರಲ್ಲಿ ಜಠರ ತೂತಾಗಿರಬಹುದು. ಗಾಳಿ ಮೇಲೇರಲು ಹತ್ತು ನಿಮಿಷ ಕೂರಿಸಿ, ಆಮೇಲೆ ತೆಗೆಯಿರಿ. ಬಲ ವಪೆಯ ಕೆಳಗೆ ಕಪ್ಪು ಕಮಾನು ಕಾಣುತ್ತದೆ. ಕೂರಲಾಗದವರನ್ನು ಎಡ ಮಗ್ಗುಲಿಗೆ ಮಲಗಿಸಿ ತೆಗೆದರೆ ಗಾಳಿ ಪಿತ್ತಜನಕಾಂಗದ ಪಕ್ಕದಲ್ಲಿ ಕಾಣುತ್ತದೆ. ಪಿತ್ತಜನಕಾಂಗದ ಮೇಲೆ ದೊಡ್ಡ ಕರುಳು ಏರಿ ಕೂತಿದ್ದರೂ ಗಾಳಿ ಕಾಣುತ್ತದೆ, ಆದರೆ ಅದರೊಳಗೆ ಕರುಳಿನ ಮಡಿಕೆಗಳಿರುತ್ತವೆ. ಗಾಳಿ ಕಾಣಲಿಲ್ಲವೆಂದು ತೂತು ಇಲ್ಲವೆಂದುಕೊಳ್ಳಬೇಡಿ.

ಹಂತ 8: ಮಕ್ಕಳು, ನುಂಗಿದ್ದು, ಉಸಿರಿಗೆ ಎಳೆದಿದ್ದು

ಅಡಿಕೆ ಚೂರು, ನೆಲಗಡಲೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಆಡುತ್ತಿದ್ದ ಮಗು ದಿಢೀರನೆ ಕೆಮ್ಮಿ, ಆಮೇಲೆ ಒಂದೇ ಬದಿ ಸುಂಯ್‌ಗುಡುತ್ತಿದ್ದರೆ ಉಸಿರು ಬಿಟ್ಟಾಗಿನ ಫಿಲ್ಮ್ ಬೇಕು. ಚೂರು ಸಿಕ್ಕಿಕೊಂಡ ಬದಿಯಲ್ಲಿ ಗಾಳಿ ಹೊರಬರದೆ ಶ್ವಾಸಕೋಶ ಕಪ್ಪಾಗಿಯೇ ಉಳಿಯುತ್ತದೆ, ಹೃದಯ ಇನ್ನೊಂದು ಬದಿಗೆ ಸರಿಯುತ್ತದೆ. ಸಣ್ಣ ಮಕ್ಕಳನ್ನು ಆ ಮಗ್ಗುಲಿಗೇ ಮಲಗಿಸಿ ತೆಗೆದರೂ ಇದೇ ಕಾಣುತ್ತದೆ. ಎರಡು ಫಿಲ್ಮ್ ನಾರ್ಮಲ್ ಇದ್ದರೂ ತಾಯಿ ಹೇಳಿದ ಕಥೆ ಸ್ಪಷ್ಟವಾಗಿದ್ದರೆ ಶ್ವಾಸನಾಳಕ್ಕೆ ಕೊಳವೆ ಹಾಕಿ ನೋಡುವ ಬ್ರಾಂಕೋಸ್ಕೋಪಿಗೆ ಕಳಿಸಿ. ಹಸುಗೂಸಿನ ಎದೆಯ ಮೇಲ್ಭಾಗದಲ್ಲಿ ಹಾಯಿಯಂತೆ ಚಾಚಿದ ಬಿಳಿಚಾಯೆ ಸಾಮಾನ್ಯವಾಗಿ ಥೈಮಸ್ ಎಂಬ ಸಹಜ ಗ್ರಂಥಿ, ಅದಕ್ಕೆ ಮದ್ದು ಬೇಡ.

ದುಂಡಗಿನ ಲೋಹ ನುಂಗಿದೆ ಎಂದು ಬಂದಾಗ ನಾಣ್ಯವೇ ಇರಬೇಕು ಎಂದು ನಿರಾಳವಾಗಬೇಡಿ. ದೊಡ್ಡದು ಮಾಡಿ ನೋಡಿ. ಅಂಚಿನೊಳಗೆ ಇನ್ನೊಂದು ಅಂಚು ಕಂಡರೆ, ಪಕ್ಕದ ಫಿಲ್ಮ್‌ನಲ್ಲಿ ಮೆಟ್ಟಿಲು ಇದ್ದರೆ ಅದು ಬಟನ್ ಬ್ಯಾಟರಿ. ಅನ್ನನಾಳದಲ್ಲಿ ಸಿಕ್ಕಿಕೊಂಡಿದ್ದರೆ 2 ಗಂಟೆಯೊಳಗೇ ಸುಡತೊಡಗುತ್ತದೆ. ಬೆಳಗಾಗುವವರೆಗೆ ಕಾಯುವಂತಿಲ್ಲ, ಅದೇ ಗಳಿಗೆಯಲ್ಲಿ ಎಂಡೋಸ್ಕೋಪಿ ಇರುವ ಕಡೆಗೆ ಹೊರಡಿಸಿ.

ಗಂಟಲಿನ ಮೀನುಮುಳ್ಳಿನ ವಿಷಯ ನಮ್ಮ ಕರಾವಳಿಯಲ್ಲಿ ದಿನಾ ಬರುವಂಥದ್ದು. ಬಂಗುಡೆ, ಬೂತಾಯಿಯ ತೆಳು ಮುಳ್ಳು ಫಿಲ್ಮ್‌ನಲ್ಲಿ ಕಾಣದಿರುವುದೇ ಹೆಚ್ಚು. ಧ್ವನಿಪೆಟ್ಟಿಗೆಯ ಮೃದ್ವಸ್ಥಿಯಲ್ಲಿ ಕಟ್ಟಿದ ಸುಣ್ಣ ಮುಳ್ಳಿನಂತೆ ಕಂಡು ಗೊಂದಲ ಮಾಡುವುದೂ ಉಂಟು. ನುಂಗುವಾಗ ಚುಚ್ಚುವುದು ನಿಲ್ಲದಿದ್ದರೆ ಇಎನ್‌ಟಿಯವರು ಕೊಳವೆ ಹಾಕಿ ನೋಡಲಿ.

ಮಕ್ಕಳ ಎಲುಬು ಬಾಗುತ್ತದೆ, ಸುಕ್ಕಾಗುತ್ತದೆ. ಮಣಿಕಟ್ಟಿನ ಮೇಲೆ ಎಲುಬಿನ ಅಂಚು ಸ್ವಲ್ಪ ಉಬ್ಬಿದ್ದರೆ ಅದೂ ಮುರಿತವೇ. ಮೊಣಕೈಯ ಎಲುಬು ಬಿಂದುಗಳು (ಮೃದ್ವಸ್ಥಿ ಎಲುಬಾಗತೊಡಗುವ ಜಾಗಗಳು) ಕ್ರಮವಾಗಿ ಸುಮಾರು 1, 3, 5, 7, 9, 11 ವರ್ಷಕ್ಕೆ ಮೂಡುತ್ತವೆ: ಕ್ಯಾಪಿಟೆಲ್ಲಮ್, ರೇಡಿಯಸ್ ತಲೆ, ಒಳಗಂಟು, ಟ್ರಾಕ್ಲಿಯಾ (ತೋಳಿನ ಎಲುಬಿನ ಕೆಳತುದಿಯ ಒಳಭಾಗ), ಒಲೆಕ್ರೇನನ್ (ಮೊಣಕೈಯ ತುದಿ), ಹೊರಗಂಟು. ಒಳಗಂಟಿನ ಬಿಂದು ಅದರ ಜಾಗದಲ್ಲಿಲ್ಲದೆ ಟ್ರಾಕ್ಲಿಯಾದ ಜಾಗದಲ್ಲಿ ಒಂದು ಬಿಂದು ಕಂಡರೆ, ಒಳಗಂಟು ಕಿತ್ತು ಬಂದು ಕೀಲಿನೊಳಗೆ ಸಿಕ್ಕಿದೆ. 10ರಿಂದ 15 ವರ್ಷದ ಹುಡುಗ ಮೊಣಕಾಲು ನೋವೆಂದು ಕುಂಟುತ್ತಾ ಬಂದರೆ ಸೊಂಟದ ಕೀಲಿನ ಫಿಲ್ಮ್ ತೆಗೆಸಿ, ಕಪ್ಪೆಯಂತೆ ಕಾಲು ಮಡಚಿದ ಕೋನದಲ್ಲೂ. ತೊಡೆಯೆಲುಬಿನ ತಲೆ ಬೆಳವಣಿಗೆಯ ಪಟ್ಟಿಯಲ್ಲಿ ಜಾರುವುದು ಆ ವಯಸ್ಸಿನಲ್ಲೇ. ಇನ್ನೂ ನಡೆಯದ ಮಗುವಿನಲ್ಲಿ ಹಿಂಭಾಗದ ಪಕ್ಕೆಲುಬುಗಳು ಮುರಿದಿದ್ದು ಹೇಳಿದ ಕಥೆ ಹೊಂದದಿದ್ದರೆ ಮಗುವನ್ನು ಮನೆಗೆ ಕಳಿಸಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

ಹಂತ 9: ಮುರಿದಂತೆ ತೋರುವ ಸಹಜ ಗೆರೆಗಳು

ಎಲುಬಿಗೆ ರಕ್ತನಾಳ ಹೊಗುವ ಕಾಲುವೆ ಓರೆಯಾಗಿ, ಒಂದೇ ಬದಿಯ ಗೋಡೆಯಲ್ಲಿ, ಬಿಳಿ ಅಂಚಿನೊಂದಿಗೆ ಇರುತ್ತದೆ. ಮುರಿತದ ಅಂಚು ಮೊನಚು, ಅದಕ್ಕೆ ಬಿಳಿ ಗೋಡೆಯಿರುವುದಿಲ್ಲ. ಮಂಡಿಚಿಪ್ಪಿನ ಮೇಲಿನ ಹೊರಮೂಲೆಯಲ್ಲಿ ಪ್ರತ್ಯೇಕವಾಗಿ ನಯವಾಗಿ ನಿಂತ ತುಂಡು ಹುಟ್ಟಿನದು. ಮಕ್ಕಳ ಪಾದದ ಐದನೆಯ ಮೆಟಟಾರ್ಸಲ್ ಬುಡದಲ್ಲಿ ಎಲುಬಿನ ಉದ್ದಕ್ಕೆ ಇರುವ ಗೆರೆ ಬೆಳವಣಿಗೆಯದು, ಅಡ್ಡಲಾಗಿರುವುದು ಮುರಿತ. ಎರಡು ಎಲುಬು ಒಂದರ ಮೇಲೊಂದು ಬಿದ್ದಲ್ಲಿ ಕಣ್ಣೇ ಒಂದು ಕಪ್ಪುಗೆರೆ ಹುಟ್ಟಿಸಿಕೊಳ್ಳುತ್ತದೆ. ಆ ಗೆರೆ ಎಲುಬಿನ ಹೊರಕ್ಕೂ ಸಾಗಿದರೆ ಅಥವಾ ಇನ್ನೊಂದು ಕೋನದಲ್ಲಿ ಮಾಯವಾದರೆ ಅದನ್ನು ಮರೆಯಿರಿ. ಏನೇ ಇರಲಿ, ಆ ಜಾಗವನ್ನು ಒತ್ತಿದಾಗ ನೋವಿಲ್ಲವೆಂದರೆ ಹೊಸ ಮುರಿತ ಅಲ್ಲವೆಂದೇ ಹೆಚ್ಚಿನ ಪಾಲು.

ಹಂತ 10: ಫಿಲ್ಮ್ ನಾರ್ಮಲ್, ನೋವು ಹಾಗೇ ಇದೆ

ಚೀಟಿಯಲ್ಲಿ "ನಾರ್ಮಲ್" ಎಂಬ ಒಂದೇ ಪದ ಬರೆಯಬೇಡಿ. "ಮುರಿತ ಕಾಣುತ್ತಿಲ್ಲ, ಒತ್ತಿದಾಗ ನೋವಿದೆ, ಸ್ಲ್ಯಾಬ್ ಹಾಕಿದೆ, ಮತ್ತೆ ಫಿಲ್ಮ್ ಬೇಕು" ಎಂದು ಬರೆಯಿರಿ. ಎಲುಬಿನ ಸೋಂಕು ಶುರುವಾಗಿ 10ರಿಂದ 14 ದಿನ ಫಿಲ್ಮ್‌ನಲ್ಲಿ ಏನೂ ತೋರದಿರಬಹುದು. ಜ್ವರವೂ ನೋವೂ ಇರುವ ಮಗುವಿಗೆ ರಕ್ತಪರೀಕ್ಷೆ, ಎಂಆರ್‌ಐ ಮುಖ್ಯ.

ಮಂಗಳೂರಿನ ಪರಿಚಯದ ಡಾಕ್ಟರಿಗೆ ಫಿಲ್ಮ್‌ನ ಫೋಟೋ ವಾಟ್ಸಾಪ್ ಮಾಡುವುದು ಇಲ್ಲಿ ಎಲ್ಲರೂ ಮಾಡುವ ಕೆಲಸ. ಜಾರಿದ ಭುಜ ಅದರಲ್ಲಿ ಕಾಣಬಹುದು, ಸ್ಕಾಫಾಯ್ಡ್ ಬಿರುಕು ಅಥವಾ ಸಣ್ಣ ನ್ಯೂಮೋಥೊರಾಕ್ಸ್ ಕಾಣುವುದಿಲ್ಲ. ಕೊಠಡಿಯ ಬೆಳಕಿನ ಪ್ರತಿಬಿಂಬ, ಪರದೆಯ ಪಟ್ಟೆಗಳು, ಆಪ್ ಚಿತ್ರವನ್ನು ಕುಗ್ಗಿಸುವುದು, ಇವೆಲ್ಲ ಸೇರಿ ಇರುವುದನ್ನು ಅಳಿಸಿ ಇಲ್ಲದ್ದನ್ನು ಬರೆಯುತ್ತವೆ. ಫೋಟೋ ನೋಡಿ ಬಂದ "ಏನೂ ಇಲ್ಲ" ಎಂಬ ಉತ್ತರವನ್ನು ವರದಿಯೆಂದು ತಿಳಿಯಬೇಡಿ. ಕಳಿಸಲೇಬೇಕಾದರೆ ಎಡ–ಬಲದ ಗುರುತು ಕಾಣುವಂತೆ, ಎರಡೂ ಕೋನಗಳನ್ನು, ಬಿದ್ದ ರೀತಿ ಮತ್ತು ನೋವಿನ ಜಾಗದ ವಿವರದೊಂದಿಗೆ ಕಳಿಸಿ. ರೋಗಿಯನ್ನೇ ಅಲ್ಲಿಗೆ ಕಳಿಸುವುದಾದರೆ ಮೂಲ ಫಿಲ್ಮ್ ಅಥವಾ ಸಿಡಿ ಜೊತೆಗಿರಲಿ.

ಮತ್ತೆ ಬರಬೇಕಾದ ದಿನವನ್ನು "ಎರಡು ವಾರ ಬಿಟ್ಟು" ಎಂದು ಬರೆಯದೆ ತಾರೀಕು, ವಾರ ಹಾಕಿ, ರೋಗಿ ಓದುವ ಲಿಪಿಯಲ್ಲಿ, ಕನ್ನಡವಾದರೆ ಕನ್ನಡ, ಮಲಯಾಳವಾದರೆ ಮಲಯಾಳ, ಬರೆದುಕೊಡಿ. ಕೂಲಿ ಬಿಟ್ಟು ಬರಬೇಕಾದವರು ನೋವು ಕಡಿಮೆಯಾದರೆ ಬರುವುದಿಲ್ಲ. ಆದ್ದರಿಂದ ಏಕೆ ಬರಬೇಕು ಎಂಬುದನ್ನು ಮನೆಯವರೊಬ್ಬರ ಎದುರು ಹೇಳಿ, ಅವರ ಫೋನ್ ನಂಬರನ್ನು ರಿಜಿಸ್ಟರಿನಲ್ಲಿ ಬರೆದಿಟ್ಟುಕೊಳ್ಳಿ. ಮರುದಿನ ರೇಡಿಯಾಲಜಿಸ್ಟ್ ಆ ಫಿಲ್ಮ್‌ನಲ್ಲಿ ಬೇರೇನಾದರೂ ಕಂಡರೆ ಕರೆಸಿಕೊಳ್ಳಲು ಆ ನಂಬರೇ ಬೇಕಾಗುವುದು.